ಆವಿಗೆಯ ಜ್ವರ

ಅಜ್ಜ ಮಡಕೆ ಮಾಡುತ್ತಾನೆ ಎಂಬುದನ್ನು ಶಿವಮೊಗ್ಗದ ಹಾಸ್ಟೆಲಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಭೌತಶಾಸ್ತ್ರದ ಮೇಷ್ಟ್ರಿಗೆ ಅದು ಹೇಗೋ ತಿಳಿಯಿತು. ಲ್ಯಾಬಿನಲ್ಲಿ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದು, ಅಲ್ಲಿ ಹುಟ್ಟುವ ವೋಲ್ಟೇಜಿನಿಂದ ಬಿಸಿ ಅಳೆಯುವ ಸಾಧನ) ಪ್ರಯೋಗ ನಡೆಯುವಾಗ ಪಕ್ಕಕ್ಕೆ ಬಂದು, "ನಿಮ್ಮಜ್ಜನ ಆವಿಗೆ ಎಷ್ಟು ಡಿಗ್ರಿಗೆ ಹೋಗುತ್ತೋ?" ಎಂದರು. ನಾನು ತಲೆ ತಗ್ಗಿಸಿದೆ. ಮುಂದಿನ ಭಾನುವಾರವೇ ನನ್ನ ಜೊತೆ ಸಾಗರದ ಬಸ್ಸು ಹತ್ತಿದರು. ಕೈಚೀಲದಲ್ಲಿ ಥರ್ಮೋಕಪಲ್ಲಿನ ಕ್ರೋಮೆಲ್-ಅಲ್ಯುಮೆಲ್ ತಂತಿ, ಮಿಲಿವೋಲ್ಟ್ ಮೀಟರ್, ಒಂದು ಟಿಫಿನ್ ಡಬ್ಬಿ.

ತಂತಿಯ ತಣ್ಣನೆ ತುದಿ ಮಂಜುಗಡ್ಡೆಯಲ್ಲಿರಬೇಕು. ನಮ್ಮೂರಲ್ಲಿ ಮಂಜುಗಡ್ಡೆ ಎಲ್ಲಿಂದ ತರೋದು? ಮೇಷ್ಟ್ರು ಅಜ್ಜನ ಹೂಜಿಯ ನೀರಿನಲ್ಲೇ ಅದನ್ನು ಇಳಿಬಿಟ್ಟು, ನೀರು 25 ಡಿಗ್ರಿ ಎಂದು ಬರೆದುಕೊಂಡರು. "ನನ್ನ ಆವಿಗೆಗೆ ಜ್ವರ ನೋಡ್ತೀರಾ ಮೇಷ್ಟ್ರೇ?" ಅಂತ ಅಜ್ಜ ನಕ್ಕ. ಮೀಟರಿನ ಮುಳ್ಳು 30 ಮಿಲಿವೋಲ್ಟಿನ ಹತ್ತಿರ ನಿಂತಿತು. ಹೂಜಿನೀರಿನ ಲೆಕ್ಕಕ್ಕೆ ಒಂದು ಮಿಲಿವೋಲ್ಟ್ ಕೂಡಿಸಿ ಕೋಷ್ಟಕ ನೋಡಿದರೆ ಸುಮಾರು 745 ಡಿಗ್ರಿ. ಅಜ್ಜ ಕೋಷ್ಟಕದ ಕಡೆ ತಿರುಗಲೂ ಇಲ್ಲ. ಬೆಂಕಿಯ ಬಣ್ಣ ನೋಡಿ, "ಇನ್ನೂ ಕಾಯ್ಬೇಕು" ಎಂದು ಸೌದೆ ತೂರಿದ.

ಶಂಕರಘಟ್ಟದಲ್ಲಿ ಎಂಎಸ್ಸಿ ಮುಗಿಸಿ, ಊರು ಬಿಟ್ಟು ಸಂಶೋಧನೆಗೆ ಸೇರಿದೆ. ಅಲ್ಲಿ ಸಿಕ್ಕಿದ್ದೂ ಸುಡುವ ಕೆಲಸವೇ: ಮೈಕ್ರೋವೇವ್ ಸರ್ಕ್ಯೂಟುಗಳ ಸೆರಾಮಿಕ್. ಕಾಗದದಂಥ ಹಸಿ ಟೇಪಿನ ಮೇಲೆ ಬೆಳ್ಳಿಯ ಪೇಸ್ಟಿನಿಂದ ಗೆರೆ ಎಳೆದು, ಪದರದ ಮೇಲೆ ಪದರ ಒತ್ತಿ, ಎಲ್ಲವನ್ನೂ ಒಟ್ಟಿಗೇ ಸುಡಬೇಕು. ತೊಡಕೆಂದರೆ ಬೆಳ್ಳಿ 962 ಡಿಗ್ರಿಗೆ ಕರಗಿಹೋಗುತ್ತದೆ. ಹಳೆಯ ಅಲ್ಯುಮಿನಾಕ್ಕೋ 1600ರ ಆಸುಪಾಸು ಬೇಕು. ಅದಕ್ಕೇ ಬೆಳ್ಳಿ ಕರಗುವ ಮೊದಲೇ ಬೇಯುವ ಪುಡಿಗಾಗಿ ಹುಡುಕಾಟ.

ಬೆಂದರಷ್ಟೇ ಸಾಲದು. ನನ್ನ ಪಾಲಿಗೆ ಬಂದ ಲಿಥಿಯಂ ಮಾಲಿಬ್ಡೇಟ್ 540 ಡಿಗ್ರಿಗೇ ಬೇಯುತ್ತದೆ, ಮೈಕ್ರೋವೇವನ್ನು ನುಂಗುವುದೂ ಕಡಿಮೆ. ಆದರೆ ಬಿಸಿಯೇರಿದಂತೆ ಅದರ ಅನುರಣನ ಆವರ್ತನ, ಅಂದರೆ ಅದು ತಾನಾಗಿ ಮಿಡಿಯುವ ಆವರ್ತನ, ಕೆಳಗೆ ಜಾರುತ್ತದೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 160 ಪಾಲು. 5 ಗಿಗಾಹರ್ಟ್ಸ್ ಫಿಲ್ಟರ್ 30 ಡಿಗ್ರಿ ಬಿಸಿಯಾದರೆ 24 ಮೆಗಾಹರ್ಟ್ಸ್ ಸರಿದಿರುತ್ತದೆ. ರೂಟೈಲ್ ಎಂಬ ಟೈಟೇನಿಯಂ ಡೈಆಕ್ಸೈಡ್ ಖನಿಜದ ಗುಣ ಇದಕ್ಕೆ ತದ್ವಿರುದ್ಧ, ಬಿಸಿಗೆ ಮೇಲೇರುವಂಥದ್ದು. ಅದನ್ನು ಅಳೆದು ಬೆರೆಸಿ ಒಂದನ್ನೊಂದು ಕಳೆಯುವಂತೆ ಮಾಡುವುದರಲ್ಲೇ ನನ್ನ ಎರಡು ವರ್ಷ ಹೋಯಿತು. ಅಮ್ಮ ಸಾರಿಗೆ ಹುಳಿ ಹೆಚ್ಚಾದಾಗ ಬೆಲ್ಲ ಹಾಕುವುದು ಎಷ್ಟೋ ಸಲ ನೆನಪಾಯಿತು.

ರಜೆಗೆ ಬಂದಾಗ ಅಜ್ಜನಿಗೆ 540ರ ಸುದ್ದಿ ಹೇಳಿದೆ. "ಅಷ್ಟಕ್ಕೇ ಇಳಿಸಿದ್ರೆ ಹಸಿಯೇ ಮಗಾ. ಒಂದು ಮಳೆಗೆ ಕರಗ್ತದೆ" ಎಂದ. ಇದು ಮಣ್ಣಲ್ಲ ಅಜ್ಜ ಅಂತ ವಾದಿಸಿದೆ. ವಾಪಸು ಹೋದ ವಾರವೇ ಅಳತೆಗೆ ಸಿದ್ಧವಾಗಿದ್ದ ಬಿಲ್ಲೆಗಳನ್ನು ನೀರು ಹಾಕಿ ಉಜ್ಜಿದೆ. ಅಂಚು ಸವೆದು ಒಂದೊಂದೂ ಚೀಪಿದ ಪೆಪ್ಪರ್‌ಮಿಂಟಿನಂತಾಯಿತು. ಲಿಥಿಯಂ ಮಾಲಿಬ್ಡೇಟ್ ನೀರಿನಲ್ಲಿ ಕರಗುವ ಲವಣ. ಕಾರಣ ಬೇರೆಯಾದರೂ ಅಜ್ಜ ಹೇಳಿದ್ದೇ ಆಗಿತ್ತು.

ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರು 2014ರಲ್ಲಿ ಈ ದೋಷವನ್ನೇ ಉಪಾಯ ಮಾಡಿಕೊಂಡರು. ಪುಡಿಗೆ ಒಂದಿಷ್ಟು ನೀರು ಹನಿಸಿ ಅಚ್ಚಿನಲ್ಲಿ ಒತ್ತಿದರೆ, ಕರಗಿದ ಅಂಶ ಮತ್ತೆ ಹರಳುಗಟ್ಟಿ ಕಣಗಳನ್ನು ಬೆಸೆಯುತ್ತದೆ. ಆಮೇಲೆ 120 ಡಿಗ್ರಿಯಲ್ಲಿ ಒಣಗಿಸಿದರಾಯಿತು. ಅಷ್ಟು ಹೊತ್ತಿಗೆ ಅಜ್ಜ ಇರಲಿಲ್ಲ. ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ಕನ್ನಡಕ ತೆಗೆದು ಒರೆಸುತ್ತಾ, "ಅಂದ್ರೆ ಆವಿಗೆಯೇ ಬೇಡ್ವೇನೋ? ನಿಮ್ಮಜ್ಜನ ಮುಂದೆ ಹೇಳಿದ್ರೆ ಸೌದೆ ಹಿಡಿದು ಅಟ್ಟಿಸ್ಕೊಂಡು ಬರ್ತಿದ್ರು" ಎಂದರು.