ಟ್ರಾನ್ಸ್‌ಫರ್ ಸಿಗಲಿಲ್ಲ, ಹಂಗಂತ ವರ್ಷ ಕಾಯೋದಾ?

ಅಮೆರಿಕದಲ್ಲಿ ಸೀಟು ಸಿಗದಿದ್ದರೆ ಬೆಳಗಾವಿಯ ತಿಲಕವಾಡಿಯಲ್ಲಿ ಯಾಕೆ ಗದ್ದಲ ಅಂತ ನೀವು ಕೇಳಬಹುದು. ನಮ್ಮ ಮನೆಗೆ ಬಂದಿದ್ದರೆ ಗೊತ್ತಾಗ್ತಿತ್ತು. ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಾ, ಅಲ್ಲಿಂದ ದೊಡ್ಡ ಹೆಸರಿನ ವಿಶ್ವವಿದ್ಯಾಲಯವೊಂದಕ್ಕೆ ಕಂಪ್ಯೂಟರ್ ಸೈನ್ಸ್‌ಗೆ ಟ್ರಾನ್ಸ್‌ಫರ್ ಕೇಳಿ ಅರ್ಜಿ ಹಾಕಿದ್ದ. ಏಪ್ರಿಲ್ ಕೊನೆಗೆ ಆಗಲ್ಲ ಅಂತ ಉತ್ತರ ಬಂತು. ಯಾವುದು ಅಂತ ಹೆಸರು ಬೇಡ ಬಿಡಿ. ಬೇಸಿಗೆಯಲ್ಲಿ ಅವರಿಗೂ ನಮಗೂ ಹನ್ನೆರಡೂವರೆ ತಾಸಿನ ಅಂತರ, ಅಂದರೆ ನಮ್ಮ ಬೆಳಗಿನ ಎಂಟು ಗಂಟೆ ಅವರಿಗೆ ಹಿಂದಿನ ದಿನದ ಸಂಜೆ ಏಳೂವರೆ. ನಮ್ಮಲ್ಲಿ ಅವಲಕ್ಕಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಸರಿಯಾಗಿ ಅವರು ರಾತ್ರಿ ಊಟಕ್ಕೆ ಕೂತು ವಿಡಿಯೋ ಕಾಲ್ ಮಾಡುತ್ತಿದ್ದರು.

“ಮಾಮಾ, ಒಂದ್ ವರ್ಷ ಬಿಟ್ಟು ಮತ್ತ ಅಪ್ಲೈ ಮಾಡ್ಲ್ಯಾ?” ಅಂತ ಅವನ ಪ್ರಶ್ನೆ.

ಕಮ್ಯುನಿಟಿ ಕಾಲೇಜು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸರ್ಕಾರಿ ಕಾಲೇಜುಗಳು 116 ಇವೆ. ಆ ರಾಜ್ಯದವರಿಗೆ ಯೂನಿಟ್‌ಗೆ, ಅಂದರೆ ನಮ್ಮ ಕ್ರೆಡಿಟ್ ಇದ್ದ ಹಾಗೆ, 46 ಡಾಲರ್ ಫೀ. ಅಲ್ಲಿ 60 ಯೂನಿಟ್ ಮುಗಿಸಿ, ಡಿಗ್ರಿಯ ಮೂರನೇ ವರ್ಷಕ್ಕೆ ನೇರವಾಗಿ ವಿಶ್ವವಿದ್ಯಾಲಯ ಸೇರಬಹುದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ಗೆ ಸೇರ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ನಮ್ಮಲ್ಲಿ ರ‍್ಯಾಂಕ್ ನೋಡಿ ಸೀಟು ಕೊಡ್ತಾರೆ, ಕಥೆ ಮುಗೀತು. ಅಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು, ಅಂದರೆ ಯುಸಿ ಅಂತ ಕರೀತಾರಲ್ಲ ಅವರು, ಅಂಕ ನೋಡಿ, ಯಾವ ಯಾವ ವಿಷಯ ಓದಿದ್ದೀಯ ಅಂತ ನೋಡಿ, ಮೇಲೆ 350 ಪದ ಮೀರದಂತೆ ನಾಲ್ಕು ಪ್ರಶ್ನೆಗೆ ಉತ್ತರ ಬರೆಸ್ತಾರೆ. ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಬಿಡಿಸಿ ಹೇಳುವುದೂ ಇಲ್ಲ. ಹುಡುಗನಿಗೆ ಉರಿದದ್ದು ಅಲ್ಲೇ.

ಅವ್ವನಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. “ಸೀಟ್ ಇಲ್ಲಂದ್ರ ಡೊನೇಷನ್ ಕೇಳಾಕತ್ತಾರೇನು? ಮದಲ ಎಷ್ಟಂತ ಕೇಳ್ರಿ” ಅಂದಳು. ಡೊನೇಷನ್ ಅಲ್ಲ ಅಂದಾಗ, “ಹಂಗಾದ್ರ ಇಲ್ಲೇ ಕಳಸ್ರಿ, ನಮ್ಮೂರಾಗ ವಿಟಿಯು ಐತಿ” ಅಂತ ಎರಡನೇ ದಾರಿ ತೋರಿಸಿದಳು. ಮಚ್ಛೆ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕ್ಯಾಂಪಸ್ ನೋಡಿದಾಗಿನಿಂದ ಅವಳಿಗೆ ಲೋಕದ ಇಂಜಿನಿಯರಿಂಗ್ ಎಲ್ಲ ಅಲ್ಲೇ ತಯಾರಾಗುತ್ತದೆ ಅಂತ ನಂಬಿಕೆ.

ವಿಚಿತ್ರ ಏನಂದ್ರೆ, ಹುಡುಗನ ಕೈಯಲ್ಲಿ ಆಗಲೇ ಒಂದು ಸೀಟಿತ್ತು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಒಂದು ಕ್ಯಾಂಪಸ್ಸು ಅವನನ್ನು ಕಂಪ್ಯೂಟರ್ ಸೈನ್ಸ್‌ಗೇ ತೆಗೆದುಕೊಂಡಿತ್ತು. ಇದು ಯುಸಿ ಅಲ್ಲ, ಅದೇ ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ. ಅವನು ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಅನ್ನೋ, ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಡಿಗ್ರಿ ಮಾಡ್ತಿದ್ದಾನೆ. 2010ರ ಕಾನೂನಿನಿಂದ ಬಂದ ವ್ಯವಸ್ಥೆ ಅದು. ಇಂಥದ್ದೇ ಕ್ಯಾಂಪಸ್ ಅಂತ ಖಾತ್ರಿ ಇಲ್ಲ, ಆದರೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಲ್ಲಾದರೂ ಜಾಗ ಸಿಗುತ್ತದೆ, ಅದೇ ವಿಷಯ ಮುಂದುವರಿಸಿದರೆ ಇನ್ನು 60 ಯೂನಿಟ್‌ನಲ್ಲಿ ಡಿಗ್ರಿ ಮುಗಿಸಬಹುದು. ಇಷ್ಟಿದ್ದೂ ಮನೆಯಲ್ಲಿ ಆ ಸೀಟಿನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಖರೆ ಹೇಳಬೇಕಂದ್ರೆ ಹುಡುಗನಿಗಿಂತ ಅಕ್ಕನಿಗೇ ಜಾಸ್ತಿ ಬೇಜಾರಾಗಿತ್ತು. ಅವಳಿಗೆ ನಾಲ್ಕು ಜನರ ಮುಂದೆ ಹೇಳೋಕೆ ಆ ದೊಡ್ಡ ಹೆಸರು ಬೇಕಿತ್ತು.

ಭಾವನವರು ಮೇಲ್ಮನವಿ ಹಾಕೋಣ ಅಂತ ಹಟ ಹಿಡಿದರು. ಹಾಕಬಹುದು, ಅವಕಾಶ ಇದೆ. ಆದರೆ ಅರ್ಜಿಯಲ್ಲಿ ಇಲ್ಲದ ಹೊಸ ಸಂಗತಿ, ಅದೂ ತೂಕದ್ದು, ಇರಬೇಕು. ನಮ್ಮ ಹುಡುಗ ಬಹಳ ಜಾಣ ಅನ್ನೋದು ಹೊಸ ಸಂಗತಿ ಅಲ್ವಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ಉಳಿದದ್ದು ಒಂದು ವರ್ಷ ಕಾಯುವ ಮಾತು. ನಾನು ಅವನಿಗೆ ಕೇಳಿದ್ದು ಒಂದೇ: ಮುಂದಿನ ಸಲ ನಿನ್ನ ಅರ್ಜಿಯಲ್ಲಿ ಈ ಸಲಕ್ಕಿಂತ ಬೇರೆ ಏನಿರುತ್ತದೆ? ಅವನು ಅಸಿಸ್ಟ್ ಅನ್ನೋ ವೆಬ್‌ಸೈಟ್ ತೆರೆದು ಸ್ಕ್ರೀನ್ ತೋರಿಸಿದ. ಎಡಗಡೆ ವಿಶ್ವವಿದ್ಯಾಲಯ ಕೇಳುವ ವಿಷಯಗಳು, ಬಲಗಡೆ ಅದಕ್ಕೆ ಸರಿಹೊಂದುವ ಅವನ ಕಾಲೇಜಿನ ವಿಷಯಗಳು. ಕ್ಯಾಲ್ಕುಲಸ್ ಆಗಿದೆ, ಲೀನಿಯರ್ ಆಲ್ಜಿಬ್ರಾ ಆಗಿದೆ, ಫಿಸಿಕ್ಸ್ ಆಗಿದೆ, ಡಿಸ್ಕ್ರೀಟ್ ಮ್ಯಾಥ್ಸ್ ಈ ಸೆಮಿಸ್ಟರ್ ನಡೀತಿದೆ. ಒಂದೂ ಖಾಲಿ ಸಾಲಿಲ್ಲ. ಇನ್ನು ಅಂಕ. 60 ಯೂನಿಟ್‌ಗೆ ನಾಲ್ಕಕ್ಕೆ 3.6 ಜಿಪಿಎ ಇದೆ ಅಂತಿಟ್ಟುಕೊಳ್ಳಿ, ಮುಂದೆ 12 ಯೂನಿಟ್ ಓದಿ ಎಲ್ಲದರಲ್ಲೂ ಎ ತೆಗೆದರೂ ಅದು 3.67 ಆಗುತ್ತದೆ, ಅಷ್ಟೇ. ಅರ್ಜಿ ಹಾಕುವುದು ನವೆಂಬರ್ ಹೊತ್ತಿಗೆ, ಹಾಗಾಗಿ ಅವರು ತೀರ್ಮಾನ ಮಾಡುವಾಗ ನೋಡಲು ಸಿಗುವ ಹೊಸ ಅಂಕ, ಈಗ ನಡೀತಿರುವ ಸೆಮಿಸ್ಟರ್ ಬಿಟ್ಟರೆ, ಹೆಚ್ಚುಕಮ್ಮಿ ಒಂದು ಸೆಮಿಸ್ಟರಿನದು. ಪೂರಾ ಒಂದು ವರ್ಷ ಕೊಟ್ಟು ಇಷ್ಟಕ್ಕೆ ಕಾಯೋದು ಸುಮ್ನೆ ಅಲ್ವಾ?

ಎಲ್ಲರಿಗೂ ಹೀಗೇ ಅಂತಲ್ಲ. ಬೇಕಾದ ವಿಷಯ ಒಂದೆರಡು ಓದಿಲ್ಲ, ಅಥವಾ ಆರಾಮಿಲ್ಲದೆ ಒಂದು ಸೆಮಿಸ್ಟರ್ ಹಾಳಾಗಿದೆ ಅನ್ನುವವರು ಧಾರಾಳವಾಗಿ ಕಾಯಬಹುದು, ಯೂನಿಟ್‌ಗೆ 46 ಡಾಲರ್ ಅಲ್ಲಿನ ಲೆಕ್ಕದಲ್ಲಿ ಅಗ್ಗ. ಅಂಥವರು ಟ್ಯಾಗ್ ಅನ್ನೋದನ್ನೂ ನೋಡಬೇಕು. ಯುಸಿಯಲ್ಲಿ ಡಿಗ್ರಿ ಓದುವ ಒಂಬತ್ತು ಕ್ಯಾಂಪಸ್ ಇವೆ. ಅದರಲ್ಲಿ ಆರು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್, ಅವರ ಷರತ್ತು ಪೂರೈಸಿದವರಿಗೆ ಮೊದಲೇ ಸೀಟಿನ ಭರವಸೆ ಕೊಡ್ತವೆ. ಒಂದು ಕ್ಯಾಂಪಸ್ಸಿಗೆ ಮಾತ್ರ ಹಾಕಬಹುದು, ಅದೂ ಸೆಪ್ಟೆಂಬರ್ ಒಳಗೆ, ಮುಖ್ಯ ಅರ್ಜಿಗಿಂತ ಮುಂಚೆ. ಕಂಪ್ಯೂಟರ್ ಸೈನ್ಸ್‌ನಂಥ ನೂಕುನುಗ್ಗಲಿನ ಕೋರ್ಸುಗಳನ್ನು ಕೆಲವು ಕ್ಯಾಂಪಸ್‌ಗಳು ಇದರಿಂದ ಹೊರಗಿಟ್ಟಿವೆ, ಅದನ್ನು ನೋಡಿಕೊಂಡು ಹಾಕಬೇಕು. ಇನ್ನು ನಮ್ಮ ಕಡೆಯಿಂದ ವೀಸಾ ಮೇಲೆ ಹೋದ ಮಕ್ಕಳ ಕಥೆಯೇ ಬೇರೆ. ಅವರಿಗೆ ಈ 46 ಡಾಲರ್ ಲೆಕ್ಕ ಇಲ್ಲ, ಫೀ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಒಂದೆರಡು ವಿಷಯ ಮಾತ್ರ ತಗೊಂಡು ವರ್ಷ ಕಳೆಯೋದಕ್ಕೂ ಆಗಲ್ಲ, ಸೆಮಿಸ್ಟರ್‌ಗೆ ಸಾಮಾನ್ಯವಾಗಿ 12 ಯೂನಿಟ್ ಓದಲೇಬೇಕು. ನಮ್ಮ ಹುಡುಗ ಅಲ್ಲೇ ಹುಟ್ಟಿದವನು, ಅವನಿಗೆ ಆ ತಾಪತ್ರಯ ಇರಲಿಲ್ಲ.

ಇಷ್ಟೆಲ್ಲ ಮಾತಾದ ಮೇಲೆ ಎರಡು ದಿನ ಆ ಕಡೆಯಿಂದ ಫೋನೇ ಇಲ್ಲ. ನನ್ನ ಮೇಲೆ ಸಿಟ್ಟಾಗಿದ್ದಾನೇನೋ ಅಂದುಕೊಂಡೆ. ಆಮೇಲೆ ಅವನೇ ಮೆಸೇಜ್ ಹಾಕಿದ, ಸ್ಟೇಟ್ ಯೂನಿವರ್ಸಿಟಿಗೆ ಒಪ್ಪಿಗೆ ಕೊಟ್ಟೆ, ಡೆಪಾಸಿಟ್ ಕಟ್ಟಿದೆ ಅಂತ. ಅಕ್ಕನ ಮುಖ ಇನ್ನೂ ಪೂರ್ತಿ ಅರಳಿಲ್ಲ, ಅರಳಲಿ ನಿಧಾನಕ್ಕೆ.

ಈಗ ಬೆಳಗಿನ ಕಾಲ್ ನಾವೇ ಬಂದ್ ಮಾಡಿಸಿದ್ದೇವೆ. ಡಿಸ್ಕ್ರೀಟ್ ಮ್ಯಾಥ್ಸ್ ಪರೀಕ್ಷೆ ಬಾಕಿ ಇದೆ, ಈ ಸೆಮಿಸ್ಟರಿನ ಅಂಕ ಕೆಟ್ಟರೆ ಸಿಕ್ಕ ಸೀಟನ್ನೂ ವಾಪಸ್ ತಗೋಬಹುದು. ಅವ್ವ ಮಾತ್ರ ಪರೀಕ್ಷೆಗೆಲ್ಲ ಕಾದಿಲ್ಲ, ಓಣಿಯಲ್ಲಿ ಎಲ್ಲರಿಗೂ ಹೇಳಿ ಆಗಿದೆ. ಯಾವ ಕಾಲೇಜ್ರೀ ಅಂತ ಯಾರಾದರೂ ಕೇಳಿದರೆ, “ಗವರ್ಮೆಂಟ್ ಸೀಟ್‌ರೀ, ಒಂದ್ ರೂಪಾಯಿ ಡೊನೇಷನ್ ಕೊಟ್ಟಿಲ್ಲ” ಅಂತಾಳೆ.