ಅದು ಜಂತುಹುಳ ಆಗಿರಲಿಲ್ಲ

ಅಕ್ಕನ ಮಗನಿಗೆ ಮೆದುಳಲ್ಲಿ ನೀರು ತುಂಬುತ್ತಿತ್ತು. ಕೂಸಾಗಿದ್ದಾಗಲೇ ಬೆಂಗಳೂರಲ್ಲಿ ಶಂಟ್ ಹಾಕಿಸಿದ್ದರು. ಸಿಲಿಕೋನಿನ ಸಣ್ಣ ಟ್ಯೂಬು ಅದು. ಮೆದುಳಿನಿಂದ ಹೊರಟು ಕಿವಿಯ ಹಿಂದೆ, ಕುತ್ತಿಗೆ, ಎದೆ ಅಂತ ಚರ್ಮದ ಕೆಳಗೇ ಇಳಿದು ಹೊಟ್ಟೆಯೊಳಗೆ ನೀರು ಬಿಡುತ್ತದೆ. ಮಗು ಬೆಳೆದಾಗ ಸಾಲಬೇಕಲ್ವಾ, ಹಾಗಾಗಿ ಹೊಟ್ಟೆಯಲ್ಲಿ ಉದ್ದ ಜಾಸ್ತಿ ಬಿಟ್ಟಿರುತ್ತಾರೆ.

ಕಳೆದ ಮಳೆಗಾಲದಲ್ಲಿ ಅಕ್ಕ ಮಗನ ಜೊತೆ ಸಕಲೇಶಪುರದ ಹತ್ತಿರ ನಮ್ಮೂರಿಗೆ ಬಂದಿದ್ದಳು. ಅವನು ಆಗಾಗ ಹೊಟ್ಟೆನೋವು ಅಂತಿದ್ದ. ಒಬ್ಬ ಡಾಕ್ಟರು ಸರಿಯಾಗಿ ನೋಡದೆ ಹುಳದ ಸಿರಪ್ ಬರೆದುಕೊಟ್ಟಿದ್ದರು. ಒಂದು ಬೆಳಿಗ್ಗೆ ಅವನನ್ನು ತೊಳೆಸಲು ಹೋದ ಅಮ್ಮ ಕೂಗಿಕೊಂಡರು. "ಹುಳ ಬೀಳ್ತಿದೆ ಕಣೇ, ಎಷ್ಟುದ್ದ ಇದೆ ನೋಡು!" ಎಳೆಯೋಕೆ ಕೈಯನ್ನೂ ಚಾಚಿದ್ದರು. ನಾನು ಬಗ್ಗಿ ನೋಡಿದೆ. ಬೆಳ್ಳಗೆ, ನುಣ್ಣಗೆ, ಬೆರಳುದ್ದ ಇತ್ತು. ಮಿಸುಕುತ್ತಿರಲಿಲ್ಲ. ತುದಿಯಲ್ಲಿ ತಿಳಿಯಾದ ಒಂದು ಹನಿ ಕೂಡುತ್ತಿತ್ತು, ಬೀಳುತ್ತಿತ್ತು, ಮತ್ತೆ ಕೂಡುತ್ತಿತ್ತು. ಅಮ್ಮನ ಕೈ ಹಿಡಿದುಕೊಂಡೆ.

ಹಾಸನಕ್ಕೆ ಹೋಗುವಷ್ಟು ಹೊತ್ತೂ ಅವನು ಕಾರಲ್ಲಿ ಬಿಸ್ಕತ್ತು ತಿನ್ನುತ್ತಿದ್ದ. ಜ್ವರ ಇಲ್ಲ, ವಾಂತಿ ಇಲ್ಲ. ಅಲ್ಲಿನ ಸರ್ಜನ್ ಎಕ್ಸ್‌ರೇ ತೋರಿಸಿ ಬಿಡಿಸಿ ಹೇಳಿದರು. ಟ್ಯೂಬಿನ ತುದಿ ಕರುಳಿಗೆ ಒತ್ತಿ ಒತ್ತಿ ನಿಧಾನಕ್ಕೆ ತೂತು ಮಾಡಿದೆ. ಒಳಹೊಕ್ಕ ಮೇಲೆ ಕರುಳೇ ಅದನ್ನು ಕೆಳಕ್ಕೆ ತಳ್ಳಿಕೊಂಡು ಬಂದಿದೆ. ಟ್ಯೂಬಿನ ಸುತ್ತ ಪೊರೆ ಕಟ್ಟಿಕೊಳ್ಳುವುದರಿಂದ ಎಷ್ಟೋ ಮಕ್ಕಳಲ್ಲಿ ಹೊಟ್ಟೆಯೊಳಗೆ ಏನೂ ಸೋರುವುದಿಲ್ಲ, ಮಗು ಆಡಿಕೊಂಡೇ ಇರುತ್ತದೆ. ಭಯ ಇರೋದು ಮೇಲ್ಗಡೆ. ಕರುಳಿನ ಸೋಂಕು ಅದೇ ಟ್ಯೂಬು ಹಿಡಿದು ಮೆದುಳಿಗೆ ಹತ್ತಬಹುದು. ಹೊಕ್ಕುಳಲ್ಲಿ, ಮೂತ್ರನಾಳದಲ್ಲಿ, ಅಪರೂಪಕ್ಕೆ ಬಾಯಲ್ಲೂ ಟ್ಯೂಬು ಬಂದದ್ದುಂಟಂತೆ. ಗಂಡುಮಕ್ಕಳಲ್ಲಿ ವೃಷಣದ ಚೀಲಕ್ಕೆ ಇಳಿದು ಊದಿಕೊಂಡರೆ ಸುಮ್ನೆ ಹರ್ನಿಯಾ ಅಂದುಕೊಳ್ಳುತ್ತಾರಂತೆ.

ಅಂದೇ ಆಂಬುಲೆನ್ಸಲ್ಲಿ ಬೆಂಗಳೂರಿಗೆ ಹೊರಟೆವು. ಅಲ್ಲಿ ಟ್ಯೂಬನ್ನು ಹೊಟ್ಟೆಯ ಮೇಲ್ಭಾಗದಲ್ಲಿ ಕತ್ತರಿಸಿ, ಕೆಳಗಿನ ತುಂಡನ್ನು ಗುದದ್ವಾರದಿಂದಲೇ ಕೆಳಕ್ಕೆ ಹೊರಗೆಳೆದರು. ಮೇಲಕ್ಕೆ ಎಳೆದರೆ ಹೊಲಸೂ ಜೊತೆಗೇ ಬರುತ್ತದೆ. ಕರುಳಿನ ತೂತಿಗೆ ಹೊಲಿಗೆ ಹಾಕಲಿಲ್ಲ, ಅದು ತಾನೇ ಮುಚ್ಚಿಕೊಂಡಿತು. ಉಳಿದ ಶಂಟನ್ನೂ ತೆಗೆದು, ಮೆದುಳಿನ ನೀರನ್ನು ಹೊರಗಿನ ಚೀಲಕ್ಕೆ ಹರಿಸಿ, ಆಂಟಿಬಯಾಟಿಕ್ ಕೊಡುತ್ತಾ ಕಾದರು. ನೀರಿನ ಪರೀಕ್ಷೆಯಲ್ಲಿ ಸೋಂಕಿಲ್ಲ ಅಂತ ಖಾತ್ರಿಯಾದ ಮೇಲೇ ತಲೆಯ ಇನ್ನೊಂದು ಬದಿಗೆ ಹೊಸ ಶಂಟ್ ಹಾಕಿದ್ದು.

ಮೊದಲ ಸಲದ ಡಿಸ್ಚಾರ್ಜ್ ಚೀಟಿಯಲ್ಲಿ ಎಚ್ಚರ ವಹಿಸಬೇಕಾದ ಲಕ್ಷಣ ಅಂತ ವಾಂತಿ, ಜ್ವರ, ಮಂಪರು ಇಷ್ಟೇ ಇತ್ತು. ಟ್ಯೂಬು ಜಾಗ ಬಿಡಬಹುದು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ? ಈ ಸಲ ಅಕ್ಕ ಬಿಡಲಿಲ್ಲ. ಡಾಕ್ಟರ ಕೈಯಲ್ಲೇ ಕನ್ನಡದಲ್ಲಿ ಬರೆಸಿಕೊಂಡಳು. ಅಮ್ಮನಿಗೂ ಓದೋಕೆ ಬರಬೇಕಲ್ಲ.