ಎಡಪುಟದಲ್ಲಿ ಆಟ, ಬಲಪುಟದಲ್ಲಿ ಊರು

"ಮಾಮ, ತಾಲ್ಲೂಕಲ್ಲಿ ಗೆದ್ವಿ. ಗುರುವಾರ ಚಿಕ್ಕಮಗಳೂರಲ್ಲಿ ಜಿಲ್ಲಾ ಮಟ್ಟ. ನೀನು ಬರ್ಲೇಬೇಕು," ಅಂತ ಅಕ್ಕನ ಮಗಳು ಫೋನ್ ಮಾಡಿದಳು. ಅವಳು ಒಂಬತ್ತನೇ ಕ್ಲಾಸು, ಶಾಲೆಯ ಖೊ ಖೊ ತಂಡದಲ್ಲಿದ್ದಾಳೆ. ಎರಡು ದಿನ ರಜೆ ಹಾಕಿ ಹೊರಟೆ.

ಬೆಂಗಳೂರಿಂದ ಶಿವಮೊಗ್ಗ ಕಡೆ ಹೋಗುವ ಬೆಳಗಿನ ರೈಲು. ತಿಪಟೂರು ಬರುವಷ್ಟರಲ್ಲಿ ಎರಡೂ ಕಡೆ ತೆಂಗು ತುಂಬಿಕೊಂಡಿತು. ಅರಸೀಕೆರೆಯಲ್ಲಿ ಒಬ್ಬ ಹಿರಿಯರು ಹತ್ತಿ ಎದುರಿಗೆ ಕೂತರು. ಖೊ ಖೊ ನೋಡಲು ಹೋಗುತ್ತಿದ್ದೇನೆ ಅಂದಿದ್ದಕ್ಕೆ ಅವರ ಮುಖ ಅರಳಿತು. "ನಮ್ಮದು ಜಾವಗಲ್ ಸಾರ್. ಶ್ರೀನಾಥ್ ಹುಟ್ಟಿದ್ದು ಮೈಸೂರಲ್ಲೇ ಇರಬಹುದು. ಆದ್ರೆ ಟೆಸ್ಟ್‌ನಲ್ಲಿ 236 ವಿಕೆಟ್ ತೆಗೆದಾಗಲೂ ಅವರ ಹೆಸರಿನ ಮುಂದೆ ನಮ್ಮೂರೇ ಇತ್ತಲ್ವಾ!" ಕಡೂರಲ್ಲಿ ನಾನು ಇಳಿಯುವವರೆಗೂ ಅವರ ಮಾತು ನಿಲ್ಲಲಿಲ್ಲ. ಒಂದು ಊರಿಗೆ ಒಬ್ಬ ಆಟಗಾರ ಅಂದರೆ ಇಷ್ಟು ವರ್ಷ ಸಾಲುತ್ತದೆ.

ಕಡೂರಿಗೂ ಅಂಥ ಹೆಸರಿದೆ. ವೇದಾ ಕೃಷ್ಣಮೂರ್ತಿ ಇಲ್ಲಿನವರು. ಹುಡುಗರ ಜೊತೆ ಬೀದಿಯಲ್ಲಿ ಕ್ರಿಕೆಟ್ ಆಡುತ್ತಾ ಬೆಳೆದವರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ರನ್ ಹೊಡೆದರು. ಸೆಮಿಫೈನಲ್ ಸೇರಲು ಗೆಲ್ಲಲೇಬೇಕಿದ್ದ ಪಂದ್ಯ ಅದು. ಆಮೇಲೆ ಲಾರ್ಡ್ಸ್‌ನ ಫೈನಲ್ಲಿನಲ್ಲಿ ಭಾರತ ಬರೀ 9 ರನ್ನಿಂದ ಸೋತಿತು. ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯವರಿಗೆ ಆ 9 ರನ್ ಇವತ್ತಿಗೂ ಮರೆತಿಲ್ಲ. "ಇನ್ನೆರಡು ಓವರ್ ನಿಂತಿದ್ರೆ ಕಪ್ ನಮ್ದೇ," ಅಂತ ಗ್ಲಾಸ್ ಇಟ್ಟರು.

ಅಲ್ಲಿಂದ ಬಸ್ಸು. ಕಡೂರು ಚಿಕ್ಕಮಗಳೂರು ನಡುವೆ 2013ರಿಂದ ರೈಲೂ ಓಡುತ್ತದೆ, ಆದರೆ ಅಕ್ಕನ ಊರಿಗೆ ಬಸ್ಸೇ ಅನುಕೂಲ. ಸಖರಾಯಪಟ್ಟಣದ ಹತ್ತಿರದ ಊರು. ಹೆಸರು ಹಾಕಬೇಡಿ ಅಂತ ಮೇಷ್ಟ್ರು ಕೇಳಿಕೊಂಡಿದ್ದಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಕಡೆ ಅತ್ತ ಪೂರ್ತಿ ಬಯಲುಸೀಮೆಯೂ ಅಲ್ಲ, ಇತ್ತ ಮಲೆನಾಡೂ ಅಲ್ಲ. ಒಂದು ಹೊಲದಲ್ಲಿ ರಾಗಿ, ಪಕ್ಕದಲ್ಲೇ ಅಡಿಕೆ. ದೂರದಲ್ಲಿ ಶಕುನಗಿರಿ, ಅದರ ಕೆಳಗೆ ಅಯ್ಯನಕೆರೆ. ಈ ಸಲ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು.

ಸಂಜೆ ನಾಲ್ಕೂವರೆಗೆ ಶಾಲೆಯ ಮೈದಾನಕ್ಕೆ ಹೋದೆ. ಎಂಟು ಹುಡುಗಿಯರು ಸಾಲಾಗಿ ಕೂತಿದ್ದರು, ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಒಂಬತ್ತನೆಯವಳು ಓಡುತ್ತಿದ್ದಳು. ಪಿ.ಟಿ. ಮೇಷ್ಟ್ರು ಬಾಯಲ್ಲಿ ಸೀಟಿ ಇಟ್ಟುಕೊಂಡು, "ಬೆನ್ನು ಮುಟ್ಟಿ ಖೊ ಕೊಡು ತಾಯಿ, ಗಾಳಿ ಮುಟ್ಟಬೇಡ!" ಅಂತ ಕೂಗುತ್ತಿದ್ದರು. ಮಣ್ಣಿನ ಅಂಗಳ, ಬರಿಗಾಲು. ಅಂಗಳದ ಎರಡು ತುದಿಯಲ್ಲಿ ಎರಡು ಕಂಬ.

ಆ ಕಂಬದ ಹತ್ತಿರ ಸುಮ್ನೆ ನಿಂತೆ. ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ. ಹೊನ್ನೆ ಮರದ್ದು. ಎಷ್ಟೋ ವರ್ಷದ ಕೈಗಳು ಹಿಡಿದು ತಿರುಗಿ, ನಡುವಿನ ಒಂದು ಗೇಣು ಜಾಗ ಎಣ್ಣೆ ಸವರಿದ ಹಾಗೆ ನುಣ್ಣಗಾಗಿತ್ತು. ಮೇಲೂ ಕೆಳಗೂ ಉಳಿಯ ಗುರುತು ಹಾಗೇ ಇತ್ತು. ಕಂಬದ ಗಾತ್ರ ಗಮನಿಸಿದ್ದನ್ನು ನೋಡಿ ಮೇಷ್ಟ್ರು, "ಇದು ಪುಸ್ತಕದಲ್ಲಿದೆ, ಬನ್ನಿ," ಅಂತ ಆಫೀಸಿಗೆ ಕರೆದುಕೊಂಡು ಹೋದರು.

ಕಿರಾಣಿ ಅಂಗಡಿಯವರು ಇಡುವಂಥ ಉದ್ದನೆಯ ಲೆಕ್ಕದ ಪುಸ್ತಕ. ಕೆಂಪು ರಟ್ಟು, ಬೆನ್ನಿಗೆ ಬಟ್ಟೆ ಅಂಟಿಸಿ ಹೊಲಿದಿದ್ದಾರೆ. ಇವರಿಗಿಂತ ಮುಂಚೆ ಇದ್ದ ಮೇಷ್ಟ್ರು ಶುರು ಮಾಡಿದ್ದು. ಎಡಪುಟದಲ್ಲಿ ಆಟ: ಹೋಬಳಿಯಲ್ಲಿ ಗೆದ್ದದ್ದು, ತಾಲ್ಲೂಕಲ್ಲಿ ಸೋತದ್ದು, ಒಂದು ಸಲ ಜಿಲ್ಲೆ ದಾಟಿ ವಿಭಾಗ ಮಟ್ಟಕ್ಕೆ ಹೋದದ್ದು, ಯಾರು ಎಷ್ಟು ಹೊತ್ತು ಔಟಾಗದೆ ಓಡಿದರು ಅನ್ನುವುದು. ಅದರ ಎದುರಿನ ಬಲಪುಟದಲ್ಲಿ ಆ ವರ್ಷ ಊರು ಕೊಟ್ಟದ್ದು.

"ಕಂಬ ಎರಡು. ಮರ ತೋಟದವರದು. ಕೆತ್ತಿದ್ದು ಬಡಗಿ. ಕೂಲಿ ತಗೊಳ್ಳಲಿಲ್ಲ, ಊಟ ಮಾಡಿ ಹೋದರು."

"ಸುಣ್ಣ ಅರ್ಧ ಮೂಟೆ. ಮನೆ ಕಟ್ಟಿಸುತ್ತಿದ್ದವರು ಕಳಿಸಿದರು."

"ಮೊಣಕಾಲಿನ ಗಾಯಕ್ಕೆ ಬ್ಯಾಂಡೇಜು, ಟಿಂಚರು. ಔಷಧಿ ಅಂಗಡಿ. ದುಡ್ಡು ಬೇಡ ಅಂದರು."

"51 ರೂಪಾಯಿ. ಹೆಸರು ಬರೆಯಬೇಡಿ ಅಂದರು."

ಈ ಕೊನೆಯ ಮಾತು ಪುಟ ಪುಟದಲ್ಲೂ ಇದೆ. ಕೊಟ್ಟವರೇ ಹೆಸರು ಬೇಡ ಅಂದ ಮೇಲೆ ನೀವು ಊರಿನ ಹೆಸರು ಹಾಕಿ ಮೆರೆಸುವುದು ಸರಿಯಲ್ಲ ಅನ್ನುವುದು ಮೇಷ್ಟ್ರ ಮಾತು. ನನಗೂ ಅದು ಒಪ್ಪಿಗೆಯಾಯಿತು.

ಒಂದು ವರ್ಷದ ಎಡಪುಟದಲ್ಲಿ ಒಂದೇ ಸಾಲು. "ಬರ. ಕೂಟಕ್ಕೆ ಹೋಗಲಿಲ್ಲ." ಕಡೂರು ತಾಲ್ಲೂಕಿಗೆ ಬರ ಹೊಸದಲ್ಲ. ಅಂಥ ವರ್ಷ ಬಲಪುಟ ಖಾಲಿ ಇರುತ್ತೆ ಅಂದುಕೊಂಡೆ. ಇರಲಿಲ್ಲ. "ಕೊಬ್ಬರಿ ಎರಡು ಗಿಟುಕು, ಬೆಲ್ಲ ಒಂದು ಅಚ್ಚು. ಸಂಜೆ ಅಭ್ಯಾಸಕ್ಕೆ ಬರುವ ಮಕ್ಕಳಿಗೆ." ಅದೇ ಸಾಲು ವಾರಕ್ಕೊಂದರಂತೆ ಪುಟದ ಕೊನೆವರೆಗೂ ಇದೆ. ಬೆಳೆ ಇಲ್ಲ, ಕೂಟ ಇಲ್ಲ, ಆದರೂ ಯಾರೋ ಒಬ್ಬರು ಆ ಮಕ್ಕಳು ಓಡುವುದನ್ನು ನಿಲ್ಲಿಸಬಾರದು ಅಂತ ಬೆಲ್ಲ ಕಳಿಸುತ್ತಲೇ ಇದ್ದರು. ನಾನು ಆ ಪುಟವನ್ನು ಎರಡು ಸಲ ಓದಿದೆ.

ಹುಡುಗಿಯರ ತಂಡ ಮೊದಲ ಸಲ ಕಟ್ಟಿದ ವರ್ಷದ ಸಾಲು ಇನ್ನೂ ದೊಡ್ಡದು. "ಸಂಜೆ ಹುಡುಗಿಯರನ್ನು ಮನೆಗೆ ಬಿಟ್ಟದ್ದು: ಹೊಲಿಗೆಯವರು." ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ಮೈದಾನದಲ್ಲಿ ಇರೋದು ಬೇಡ ಅಂತ ಮನೆಯವರು ತಡೆದಾಗ, ಬಟ್ಟೆ ಹೊಲಿಯುವ ಒಬ್ಬ ಹೆಂಗಸು ತಾನೇ ಬಂದು, ಅಭ್ಯಾಸ ಮುಗಿಯುವವರೆಗೆ ಕೂತಿದ್ದು, ಒಬ್ಬೊಬ್ಬಳನ್ನೇ ಮನೆ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುತ್ತಿದ್ದರಂತೆ. ದುಡ್ಡು ಕೊಡುವುದು ಒಂದು ರೀತಿ. ದಿನಾ ಸಂಜೆ ತನ್ನ ಕಾಲು ನೋಯಿಸಿಕೊಂಡು ನಡೆಯುವುದೇ ಬೇರೆ. ಆ ತಂಡದಲ್ಲಿ ಆಡಿದ ಒಬ್ಬಳ ಮಗಳು ಈಗಿನ ತಂಡದಲ್ಲಿದ್ದಾಳೆ.

ಆ ಅಜ್ಜಿ ಇನ್ನೂ ಇದ್ದಾರೆ. ರಾತ್ರಿ ಅಕ್ಕನ ಜೊತೆ ಹೋದೆ. ಮಿಷನ್ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಜರ್ಸಿಗೆ 7 ಅನ್ನುವ ಅಂಕಿ ಹೊಲಿಯುತ್ತಿದ್ದರು. ಆ ಸಂಜೆಗಳ ಬಗ್ಗೆ ಕೇಳಿದೆ. "ಅಯ್ಯೋ, ಅದರಲ್ಲೇನಪ್ಪಾ, ನಮ್ಮ ಹುಡುಗೀರಲ್ವಾ," ಅಂದರು. ಆಮೇಲೆ, "ಊಟ ಮಾಡ್ಕೊಂಡು ಹೋಗಿ," ಅಂತ ಮುದ್ದೆಗೆ ನೀರಿಡಲು ಎದ್ದರು.

ಗುರುವಾರ ಬೆಳಿಗ್ಗೆ ಆರೂವರೆಗೆ ಟಿಟಿ ಬಂತು. ಮದುವೆ ಟ್ರಿಪ್ ಹೊಡೆಯುವ ಗಾಡಿ. ಡೀಸೆಲ್ ದುಡ್ಡು ಮಾತ್ರ ಕೊಡಿ ಅಂದಿದ್ದರು ಮಾಲೀಕರು. ದಾರಿ ಉದ್ದಕ್ಕೂ ಹುಡುಗಿಯರ ಬಾಯಲ್ಲಿ ಚೈತ್ರಾ ಹೆಸರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆದು, ಗಂಡಸರದ್ದೂ ಹೆಂಗಸರದ್ದೂ ಎರಡೂ ಕಪ್ ಭಾರತವೇ ಗೆದ್ದಿತಲ್ಲ, ಆ ತಂಡದಲ್ಲಿದ್ದ ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. "ಅವರೂ ಹಳ್ಳಿಯವರೇ ಮಾಮ," ಅಂತ ನಮ್ಮ ಪುಟ್ಟಿ ನನಗೆ ಮೂರು ಸಲ ಹೇಳಿದಳು.

ಚಿಕ್ಕಮಗಳೂರಿನ ನೇತಾಜಿ ಸುಭಾಷ್‌ಚಂದ್ರ ಬೋಸ್ ಮೈದಾನ ರಾತ್ರಿ ಮಳೆಗೆ ನೆನೆದಿತ್ತು. ಮುಳ್ಳಯ್ಯನಗಿರಿ ಕಡೆ ಮೋಡ ಕವಿದಿತ್ತು. ಮೊದಲ ಪಂದ್ಯ ಸುಲಭವಾಗಿ ಗೆದ್ದರು. ಊಟದ ಹೊತ್ತಿಗೆ ಮೇಷ್ಟ್ರು ಮಕ್ಕಳನ್ನು ಕೂರಿಸಿಕೊಂಡು ರಕ್ಷಿತಾ ರಾಜು ಅವರ ವಿಷಯ ಹೇಳಿದರು. ಇದೇ ಜಿಲ್ಲೆಯವರು, ಕಣ್ಣು ಕಾಣುವುದಿಲ್ಲ, ಅಪ್ಪ ಅಮ್ಮನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ಅಜ್ಜಿಯ ಹತ್ತಿರ ಬೆಳೆದವರು. ಇದೇ ಊರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದಿದರು. ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್‌ನಲ್ಲಿ ಎರಡು ಸಲ ಚಿನ್ನ, 2018ರಲ್ಲಿ ಜಕಾರ್ತದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು.

"ಅವರು ಓಡುವಾಗ ಪಕ್ಕದಲ್ಲಿ ಇನ್ನೊಬ್ಬರು ಓಡ್ತಾರೆ. ಇಬ್ಬರ ಕೈಗೂ ಸೇರಿಸಿ ಒಂದು ಸಣ್ಣ ದಾರ. ಪಕ್ಕದವರು ಎಳೆಯೋ ಹಾಗಿಲ್ಲ, ಗೆರೆ ದಾಟುವಾಗ ಮುಂದೆ ಹೋಗೋ ಹಾಗೂ ಇಲ್ಲ. ಜೊತೆಗೆ ಓಡ್ಬೇಕು ಅಷ್ಟೇ," ಅಂದರು ಮೇಷ್ಟ್ರು. ಚಿತ್ರಾನ್ನ ತಿನ್ನುತ್ತಿದ್ದ ಕೈಗಳು ನಿಂತವು. ನನಗೆ ಹೊಲಿಗೆಯ ಅಜ್ಜಿ ನೆನಪಾದರು.

ಸೆಮಿಫೈನಲ್ಲಿನಲ್ಲಿ ಮಲೆನಾಡ ಕಡೆಯ ತಂಡ ಎದುರಾಯಿತು. ಅವರ ಪೋಲ್ ಡೈವ್ ನೋಡಬೇಕಿತ್ತು. ಕಂಬ ಹಿಡಿದು ಇಡೀ ಮೈ ಚಾಚಿ ಬೀಳುತ್ತಿದ್ದರು. ನಮ್ಮ ಪುಟ್ಟಿ ಚೆನ್ನಾಗಿಯೇ ತಪ್ಪಿಸಿಕೊಂಡು ಓಡಿದಳು, ಕೊನೆಗೆ ಒದ್ದೆ ನೆಲದಲ್ಲಿ ಕಾಲು ಜಾರಿ ಔಟಾದಳು. ಎರಡು ಪಾಯಿಂಟಿಂದ ಸೋತರು. ಒಬ್ಬಳು ಜೋರಾಗಿ ಅತ್ತಳು. ಗೆದ್ದ ತಂಡದ ಹುಡುಗಿ ಬಂದು ತನ್ನ ಟವೆಲ್ಲಿಂದ ಅವಳ ಕಾಲಿನ ಕೆಸರು ಒರೆಸಿದಳು.

ವಾಪಸ್ ಬರುವಾಗ ಗಾಡಿಯಲ್ಲಿ ಮಾತೇ ಇಲ್ಲ. ಸಖರಾಯಪಟ್ಟಣಕ್ಕೆ ಮುಂಚೆ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಸೀಬೆಹಣ್ಣು ಮಾರುತ್ತಿದ್ದರು. ನಿಲ್ಲಿಸಿದೆವು. ಜರ್ಸಿ ನೋಡಿ, "ಆಟಕ್ಕೆ ಹೋಗಿದ್ರಾ ಮಕ್ಳೇ? ಗೆದ್ರಾ?" ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಅವರಿಗೆ ಅರ್ಥವಾಯಿತು. ಬುಟ್ಟಿಯನ್ನು ಹಾಗೇ ಎತ್ತಿ ಕಿಟಕಿಯೊಳಗೆ ಸುರಿದರು. ನಾನು ಪರ್ಸ್ ತೆಗೆದರೆ, "ಮಕ್ಳಿಗೆ ಕೊಟ್ಟಿದ್ದಕ್ಕೆ ದುಡ್ಡು ತಗೊಳ್ತಾರಾ, ಒಳಗಿಡಿ," ಅಂದರು.

ಗಾಡಿ ಹೊರಟಿತು. ಮೇಷ್ಟ್ರು ಚೀಲದಿಂದ ಕೆಂಪು ರಟ್ಟಿನ ಪುಸ್ತಕ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಎಡಪುಟದಲ್ಲಿ ಸೋತದ್ದು ಬರೆದರು, ಪುಟ್ಟಿ ಓಡಿದ ಹೊತ್ತು ಬರೆದರು. ಆಮೇಲೆ ತಲೆ ಎತ್ತಿ, "ಆ ಅಮ್ಮನ ಹೆಸರು ಯಾರಾದ್ರೂ ಕೇಳಿದ್ರಾ?" ಅಂದರು. ಯಾರೂ ಕೇಳಿರಲಿಲ್ಲ.

"ಹಾಗಾದ್ರೆ ಹಣ್ಣು ಎಣಿಸಿ," ಅಂದರು.

ಹುಡುಗಿಯರು ಸೀಟಿನ ಕೆಳಗೆ ಉರುಳಿದ್ದನ್ನೂ ಹೆಕ್ಕಿ ಎಣಿಸಿದರು. ಮೂವತ್ತನಾಲ್ಕು.